ಉದುರಲೊಲ್ಲದ ಕೂದಲು

ಮಾಮಾನ ಗಂಟಲು ಕೆಟ್ಟಿದೆ ಅನ್ನೋದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಇದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ಊಟದ ಹೊತ್ತಿಗೆ ನಾನು ಅವರ ನಕಲು ಮಾಡುತ್ತಿದ್ದೆ, ಮನೆಯವರು ನಗುತ್ತಿದ್ದರು. ಒಂದು ದಿನ ಯಾರೂ ನಗಲಿಲ್ಲ.

ಮಾಮಾ ಅಂದರೆ ನಮ್ಮವ್ವನ ಅಣ್ಣ. ಬೀದರ ಕಡೆಯವರು, ಹೊಟ್ಟೆಪಾಡಿಗೆ ಛತ್ರಪತಿ ಸಂಭಾಜಿನಗರಕ್ಕೆ ಬಂದು ಅಲ್ಲೇ ಬೇರು ಬಿಟ್ಟವರು. ದಿನಾ ಮುಂಜಾನೆ ಬಸ್ಸು ಹಿಡಿದು ಸಿಲ್ಲೋಡಿನ ಮಾರ್ಕೆಟ್ ಯಾರ್ಡಿಗೆ ಹೋಗಿ, ಮೆಕ್ಕೆಜೋಳದ ರಾಶಿಗಳ ಮುಂದೆ ನಿಂತು ಲಿಲಾವು, ಅಂದರೆ ಹರಾಜು, ಕೂಗುವುದು ಅವರ ಕೆಲಸ. ಈ ಕಡೆ ರೈತ, ಆ ಕಡೆ ಖರೀದಿದಾರರು, ನಡುವೆ ಮಾಮಾನ ಗಂಟಲು. ಅವರು ಮನೆಯಲ್ಲಿ ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು, ಅಂಥ ಗಂಟಲು. ನಮ್ಮಪ್ಪನದು ಬ್ಯಾಂಕಿನ ನೌಕರಿ, ಅಪ್ಪ ಅವ್ವ ಇಬ್ಬರೂ ಇರುವುದು ನಾಸಿಕದಲ್ಲಿ. ನನಗೆ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಮಾಮಾನ ಮನೆಯಲ್ಲಿ ಬಿಡಾರ ಹೂಡಿದ್ದೆ. ಬಾಡಿಗೆ ಕೊಡುತ್ತಿರಲಿಲ್ಲ, ಮನರಂಜನೆ ಕೊಡುತ್ತಿದ್ದೆ. ನಮ್ಮ ಸೂಪರ್‌ವೈಸರ್ ಮೂಗಿನಿಂದ ಬೈಯುವುದು, ಮಾಮಾನ ಹೆಂಡತಿ, ನಮ್ಮ ಅತ್ತಿ, ಬೀದರಿನವರ ಜೊತೆ ಫೋನಿನಲ್ಲಿ ಒಂದು ದನಿ, ಮರಾಠಿ ನೆರೆಯವರ ಜೊತೆ ಇನ್ನೊಂದು ದನಿ ತೆಗೆಯುವುದು, ಇಂಟರ್‌ವ್ಯೂನಲ್ಲಿ ಇಂಗ್ಲಿಷ್ ಮಾತಾಡಲು ಹೋಗಿ ನಾನೇ ಬೆವತದ್ದು, ಎಲ್ಲಾ ಇತ್ತು. ಮಾಮಾನ ಲಿಲಾವು ಕೊನೆಯ ಐಟಂ.

ಆ ದಿನ ಅದನ್ನು ಮುಗಿಸಿ ಚಪ್ಪಾಳೆಗೆ ಕಾದೆ. ಅತ್ತಿ ರೊಟ್ಟಿ ಬಡಿಯುತ್ತಲೇ, "ಇದು ಹಳೀದಾತು ಬಿಡು. ಈಗ ಅವರ ದನಿ ಹಿಂಗಿಲ್ಲ," ಅಂದಳು.

ನಕಲಿನವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಮರುದಿನದಿಂದ ಕಿವಿಗೊಟ್ಟು ಕೇಳಿದೆ. ಹೌದು, ದನಿಯೊಳಗೆ ಮರಳು ಸೇರಿತ್ತು. ಮಾತಿನ ಕೊನೆಗೆ ಬರುವಷ್ಟರಲ್ಲಿ ಬರೇ ಗಾಳಿ ಉಳಿಯುತ್ತಿತ್ತು. ಆ ಹೊಸ ದನಿಯನ್ನು ಕಲಿಯಲು ಬಚ್ಚಲುಮನೆಯಲ್ಲಿ ತಾಲೀಮು ಶುರು ಮಾಡಿದೆ. ಸ್ವಲ್ಪ ದಿನಕ್ಕೆ ನನ್ನ ಗಂಟಲೇ ನೋಯತೊಡಗಿತು. ಕಾರ್ಖಾನೆಯ ನರ್ಸು ಬಾಯಿ ತೆಗೆಸಿ ನೋಡಿ ದೊಡ್ಡ ಡಾಕ್ಟರಿಗೆ ತೋರಿಸು ಅಂದರು. ಇದು ನನ್ನ ಗಂಟಲಲ್ಲ ಸಿಸ್ಟರ್, ನಮ್ಮ ಮಾಮಾನದು ಅಂದೆ. ಅಂದ ಮೇಲೆ ನನಗೇ ಹೊಳೆಯಿತು. ನಕಲಿಗೇ ಇಷ್ಟು ನೋವಾದರೆ ಅಸಲಿಗೆ ಎಷ್ಟಿರಬೇಕು?

ಮಾಮಾಗೆ ಹೇಳಿದರೆ, ಯಾರ್ಡಿನಲ್ಲಿ ಎಲ್ಲರದೂ ಹೀಗೇ, ದನಿ ಸ್ವಚ್ಛ ಇದ್ದವನಿಗೆ ಧಂದೆ ಇಲ್ಲ ಅಂತ ತಿಳಕೋ ಅಂದರು. ತೂಕದ ಕಾಟಾದ ಹಿಂದೆ ಹೋಗಿ ಸೇದುವ ಬೀಡಿಯ ಮಾತೆತ್ತಿದರೆ, ಬೀಡಿ ಅನ್ನುವ ಶಬ್ದವನ್ನೇ ಮೊದಲ ಸಲ ಕೇಳಿದವರ ಮುಖ ಮಾಡಿದರು. ಕೊನೆಗೆ ನಾನು ಅವ್ವನಿಗೆ ಫೋನ್ ಹಚ್ಚಿ, ಮಾಮಾನ ಹೊಸ ದನಿಯಲ್ಲೇ ತಂಗಿ ಹ್ಯಾಂಗಿದ್ದಿ ಅಂತ ಕೇಳಿದೆ. ಅವ್ವ ಫೋನಿನಲ್ಲೇ ಅತ್ತಳು. ಆಮೇಲೆ ನಾನು ಅಂತ ಗೊತ್ತಾಗಿ ಬೈದಳು. ಮರುದಿನ ನಾಸಿಕದಿಂದ ಬಂದು ಅಣ್ಣನನ್ನು ಕರಕೊಂಡೇ ಹೋದಳು. ಬೆನ್ನಿಗೆ ಅತ್ತಿ, ನಾನು.

ನಾಸಿಕದ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿದರು, ಚೂರು ತೆಗೆದು ತಪಾಸಣೆಗೆ ಕಳಿಸಿದರು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್. ಡಾಕ್ಟರ್ ಒಬ್ಬ ಗಿಡ್ಡನೆಯ ಹೆಂಗಸು, ಎರಡು ಮಾತಿಗೊಂದು "ಕಾಕಾ" ಸೇರಿಸಿ ಮರಾಠಿಯಲ್ಲಿ ಮಾತಾಡುವವರು. ಅವರ ನಕಲು ನನಗೆ ಹೊರಗೆ ಬರುವಷ್ಟರಲ್ಲೇ ಬಂದುಬಿಟ್ಟಿತ್ತು. ಅವರು ಎರಡು ದಾರಿ ಹೇಳಿದರು. ಒಂದು, ಪೆಟ್ಟಿಗೆಯನ್ನೇ ಕೊಯ್ದು ತೆಗೆಯುವುದು. ಅದರ ಜೊತೆ ದನಿಯೂ ಹೋಗುತ್ತದೆ. ಇನ್ನೊಂದು, ವಾರದಲ್ಲಿ ಐದು ದಿನ ರೇಡಿಯೇಷನ್, ಅದರ ಜೊತೆ ವಾರಕ್ಕೊಮ್ಮೆ ಕೀಮೋ. ಇಲ್ಲಿ ಮುಖ್ಯ ಕೆಲಸ ಕಿರಣದ್ದು. ಕೀಮೋ ಅದರ ಜೋಡಿದಾರ, ರೋಗವನ್ನು ಮೆತ್ತಗೆ ಮಾಡಿ ಕಿರಣದ ಬಾಯಿಗೆ ಕೊಡುತ್ತದೆ. ಕೀಮೋ ಒಂದರಿಂದಲೇ ಇದು ವಾಸಿಯಾಗುವುದಿಲ್ಲ, ಆದರೆ ಎರಡೂ ಕೂಡಿದರೆ ಕೊಯ್ಯದೆಯೇ ಗೆಲ್ಲುವ ಸಂಭವ ಹೆಚ್ಚು. ಗೆಲ್ಲದಿದ್ದರೆ ಚಾಕು ಇದ್ದೇ ಇದೆ.

ಅತ್ತಿ, ಕೀಮೋ ಅಂದರೆ ಕೊನೆಯ ಸ್ಟೇಜಿಗೆ ಕೊಡುವುದಲ್ಲವಾ ಅಂತ ಅಳತೊಡಗಿದಳು. ಹಾಗೇನಿಲ್ಲ, ಇಲ್ಲಿ ವಾಸಿ ಮಾಡಲಿಕ್ಕೇ ಕೊಡುವುದು ಅಂತ ಡಾಕ್ಟರ್ ಮತ್ತೆ ಮೊದಲಿನಿಂದ ಹೇಳಿದರು. ಮಾಮಾ ಕೇಳಿದ್ದು ಒಂದೇ.

"ಡಾಕ್ಟರ್ ಬಾಯಿ, ಮತ್ತ ನನಗ ಲಿಲಾವು ಮಾಡ್ಲಿಕ್ಕ ಆಗ್ತದೋ ಇಲ್ಲೋ?"

ಗಾಬರಿಯಲ್ಲಿ ಅವರಿಗೆ ಯಾರ್ಡಿನ ಮರಾಠಿಯೂ ಮರೆತುಹೋಗಿತ್ತು, ನಾನು ಅದನ್ನು ಮರಾಠಿಯಲ್ಲಿ ಒಪ್ಪಿಸಿದೆ. ಪೆಟ್ಟಿಗೆ ಉಳಿಸಲು ನೋಡುತ್ತೇನೆ, ಅದರೊಳಗಿಂದ ಯಾವ ದನಿ ಬರುತ್ತದೋ ಈಗಲೇ ಹೇಳಲಾರೆ ಅಂದರು ಡಾಕ್ಟರ್.

ಚಿಕಿತ್ಸೆ ಮುಗಿಯುವ ತನಕ ಮಾಮಾ ಅತ್ತಿ ಇಬ್ಬರೂ ನಾಸಿಕದ ನಮ್ಮ ಮನೆಯಲ್ಲೇ ಇರುವುದು ಅಂತ ಠರಾಯಿತು. ಸಂಭಾಜಿನಗರದಲ್ಲಿ ಆಸ್ಪತ್ರೆಗಳಿಗೇನೂ ಬರ ಇಲ್ಲ. ಆದರೆ ಅಲ್ಲಿ ಇಡೀ ಯಾರ್ಡು ನೋಡಲು ಬರುತ್ತದೆ, ಬಂದವರು ಹ್ಯಾಂಗಿದ್ದೀರಿ ಅನ್ನುತ್ತಾರೆ, ಮಾಮಾ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳುತ್ತಾರೆ. ಇದ್ದ ಗಂಟಲೂ ಅದಕ್ಕೇ ಖರ್ಚಾಗುತ್ತಿತ್ತು. ಕೀಮೋ ಸೋಮವಾರ. ನನ್ನ ವಾರದ ರಜೆಯನ್ನು ಸೋಮವಾರಕ್ಕೆ ಬದಲಿಸಿಕೊಂಡು, ಪ್ರತಿ ವಾರ ಬಸ್ಸಿನಲ್ಲಿ ನಾಸಿಕಕ್ಕೆ ಬಂದು ಅವರ ಪಕ್ಕದಲ್ಲಿ ಕೂರುವ ಡ್ಯೂಟಿ ನನ್ನದಾಯಿತು.

ಕೀಮೋ ಅಂದರೇನು ಅಂತ ಡಾಕ್ಟರ್ ಒಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಕೂದಲು ಹೋಗುತ್ತದೆ. ಅವ್ವ ಹೇಳಿದಳು, ಮಾಮಾ ಮಗಳನ್ನು ಕೊಟ್ಟ ಬೀದರಿನ ಬೀಗರು ಹೇಳಿದರು, ಹಾಲು ಹಾಕುವವನೂ ಹೇಳಿದ. ಮಾಮಾನ ಕೂದಲೋ, ಅರವತ್ತರ ಹತ್ತಿರ ಬಂದರೂ ಕಾಡು. ಪ್ರತಿ ಭಾನುವಾರ ಅತ್ತಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದಕ್ಕೆ ಕರಿ ಬಣ್ಣ ಹಚ್ಚುತ್ತಿದ್ದಳು. ಆ ಒಂದು ತಾಸು ಮಾಮಾ ಕನ್ನಡಿ ಮುಂದೆ ಮದುಮಗನ ಹಾಗೆ ಕೂತಿರುತ್ತಿದ್ದರು.

ಮೊದಲ ಕೀಮೋದ ಹಿಂದಿನ ದಿನ, ತ್ರ್ಯಂಬಕೇಶ್ವರಕ್ಕೆ ಹೋಗಿಬರೋಣ ನಡೆ ಅಂದರು. ಶೇರಿಂಗ್ ಜೀಪಿನಲ್ಲಿ ಮೊಣಕಾಲು ಗದ್ದಕ್ಕೆ ಹಚ್ಚಿಕೊಂಡು ಕೂತು ಹೋದೆವು. ಸಾಲಿನಲ್ಲಿ ನಿಂತು ನಿಂತು ಒಳಗೆ ಹೋದಾಗ ಮಾಮಾ ಕಣ್ಣು ಮುಚ್ಚಿ ಏನೋ ಗುನುಗಿದರು. ನಡುವೆ ಕಣ್ಣು ತೆರೆದು, ನನ್ನ ಕಡೆ ತಿರುಗಿ, ನನ್ನ ತಲೆಯ ಮೇಲೆ ಕೈಯಿಟ್ಟು ಮತ್ತೆ ಕಣ್ಣು ಮುಚ್ಚಿದರು. ತಮ್ಮ ಸಂಕಟದಲ್ಲೂ ನನಗಾಗಿ ಬೇಡಿಕೊಳ್ಳುತ್ತಿದ್ದಾರಲ್ಲ ಅಂತ ನನ್ನ ಕಣ್ಣು ಒದ್ದೆಯಾಯಿತು.

ಹೊರಗೆ ಬಂದು ಚಪ್ಪಲಿ ಹುಡುಕುವಾಗ ವ್ಯವಹಾರ ಬಿಚ್ಚಿ ಹೇಳಿದರು. ಲಿಲಾವಿಗೆ ನಡೆಯುವಂಥ ದನಿ ಉಳಿಸು, ನನ್ನ ತಲೆಗೂದಲು ನಿನಗೆ ಅಂತ ಹರಕೆ ಹೊತ್ತಿದ್ದರು.

"ಮಾಮಾ, ಅದು ಹ್ಯಾಂಗಿದ್ರೂ ಹೋಗೂದೇ ಅಲ್ರಿ?"

"ನನಗ ಗೊತ್ತದ," ಅಂದರು, ಸುತ್ತ ನೋಡಿ ದನಿ ಇನ್ನೂ ಇಳಿಸಿ. "ಅವಂಗ ಗೊತ್ತದೇನು?"

ಮರುದಿನ ಕೀಮೋ. ಒರಗು ಕುರ್ಚಿಗಳ ಒಂದು ಉದ್ದ ಹಾಲು, ಎದುರುಬದುರು ಪೇಷಂಟುಗಳು. ಮಾಮಾನ ಕೈಗೆ ಸೂಜಿ ಚುಚ್ಚಿ ಮೊದಲು ಒಂದು ದೊಡ್ಡ ಬಾಟಲಿ ಸಲೈನ್ ಏರಿಸಿದರು. ಅದಾದ ಮೇಲೆ ವಾಂತಿ ಆಗದ ಹಾಗೆ ಇಂಜೆಕ್ಷನ್. ಆಮೇಲೆ ಔಷಧಿಯ ಚೀಲ. ಅದೂ ನೀರಿನ ಹಾಗೇ ತಿಳಿ. ಅದರ ಬೆನ್ನಿಗೆ ಮತ್ತೆ ಸಲೈನ್. ಮಾಮಾ ನೋಡಿಯೇ ನೋಡಿದರು. ಹಸಿ ಮೆಕ್ಕೆಜೋಳದ ರಾಶಿಯೊಳಗೆ ಕೈ ಹಾಕಿ ತೇವ ಅಳೆದು ಆಯುಷ್ಯ ಕಳೆದವರು. ಬೆರಳಿನಿಂದ ಕೊಳವೆ ಮುಟ್ಟಿ ನೋಡಿ, ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಅಂದರು: "ಇದ್ರಾಗ ನೀರಿನಂಶ ಭಾಳ ಅದ. ಯಾರ್ಡಿನಾಗ ಆಗಿದ್ರ ಈ ಮಾಲು ವಾಪಸ್."

ಸಿಸ್ಟರಿಗೆ ನಾನು ಅದನ್ನೇ ಸ್ವಲ್ಪ ಮರ್ಯಾದೆ ಹಚ್ಚಿ ಕೇಳಿದೆ. ಔಷಧಿ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಅದಕ್ಕೇ ಹಿಂದೆ ಮುಂದೆ ನೀರು ಅಂತ ತಿಳಿಸಿ, ಮೂತ್ರ ಅಳೆಯಲು ಒಂದು ಡಬ್ಬಿ ಕೊಟ್ಟರು. ಈ ಔಷಧಿಯಲ್ಲಿ ಪ್ಲಾಟಿನಮ್ ಇರುತ್ತದೆ ಅಂತಲೂ ಮಾತಿಗೆ ಮಾತು ಬಂದು ಹೇಳಿಬಿಟ್ಟರು. ಅಲ್ಲಿಂದ ಎಲ್ಲಾ ಹದಗೆಟ್ಟಿತು. ಅತ್ತಿ ಅದೇ ಸಂಜೆ ಬೀದರಿಗೆ ಫೋನ್ ಮಾಡಿ, ನಮ್ಮವರಿಗೆ ಪ್ಲಾಟಿನಮ್ ಏರಿಸುತ್ತಿದ್ದಾರೆ ಅಂತ, ಮಗಳ ಮದುವೆಯಲ್ಲಿ ಹಾಕಿದ ಬಂಗಾರದ ಸುದ್ದಿ ಹೇಳಿದ ದನಿಯಲ್ಲೇ ಹೇಳಿದಳು. ಮಾಮಾ ಮಾತ್ರ ಪ್ರತಿ ಸಲ ಡಬ್ಬಿ ತುಂಬಿದಾಗಲೂ ಅದನ್ನು ಬೆಳಕಿಗೆ ಹಿಡಿದು, ಎಷ್ಟು ಹೋಯಿತೋ ಏನೋ ಅನ್ನುವ ಮುಖದಲ್ಲಿ ಸಿಸ್ಟರ್ ಕೈಗೆ ಕೊಡುತ್ತಿದ್ದರು.

ರೇಡಿಯೇಷನ್ನಿನ ದಿನಗಳಲ್ಲಿ ಮುಖ, ಕೊರಳು, ಹೆಗಲು ಮುಚ್ಚುವ ಬಿಳಿ ಜಾಲರಿಯ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಿದ್ದರು, ಅಲುಗಾಡಬಾರದು ಅಂತ. ಕೊರಳಿನ ಲಿಂಗದ ಕರಡಿಗೆ ತೆಗೆಯಬೇಕು ಅಂದಾಗ ಮಾಮಾ ಒಪ್ಪದೆ, ಕೊನೆಗೆ ಅದನ್ನು ತೋಳಿಗೆ ಕಟ್ಟಿಕೊಂಡು ಮಲಗಿದರು. ನಾನು ಆ ಮುಖವಾಡ ನನ್ನ ಮುಖಕ್ಕೆ ಹಿಡಿದು ನೋಡಿದೆ. ಕೂಡಲಿಲ್ಲ. ಮಾಮಾನ ಮೂಗಿಗೆ ಮಾಡಿದ ಗೂಡಿನಲ್ಲಿ ನನ್ನ ಮೂಗಿನಂಥವು ಎರಡು ಹಿಡಿಯುತ್ತಿದ್ದವು.

ವಾರಗಳು ಹೋದವು. ಕೂದಲು ಹೋಗಲಿಲ್ಲ.

ಮಾಮಾ ದಿನಾ ಎದ್ದ ಕೂಡಲೇ ದಿಂಬು ನೋಡುತ್ತಿದ್ದರು. ಬಾಚಣಿಗೆ ಎಳೆದು ನೋಡುತ್ತಿದ್ದರು. ನಾಲ್ಕು ಎಳೆ ಬಂದರೆ ಮುಖ ಅರಳುತ್ತಿತ್ತು. ಅದು ನಮ್ಮವ್ವನ ಕೂದಲು ಅಂತ ಗೊತ್ತಾಗಿ ಮತ್ತೆ ಬಾಡುತ್ತಿತ್ತು. ನೋಡಲು ಬಂದ ಬೀಗರು ತಲೆ ನೋಡಿ, ಕೀಮೋ ಇನ್ನೂ ಶುರುವಾಗಿಲ್ಲವಾ ಅಂತ ಕೇಳಿದರು. ಶುರುವಾಗಿ ಎಷ್ಟೋ ಆಯಿತು ಅಂದರೆ, ಪಾಪ, ಔಷಧಿ ಹತ್ತುತ್ತಿಲ್ಲ ಕಾಣುತ್ತದೆ ಅಂದರು. ಮಾಮಾ ಆ ರಾತ್ರಿ ಊಟ ಬಿಟ್ಟರು. ಕೂದಲಿನ ಮೇಲೇ ಪರಿಣಾಮ ಇಲ್ಲ ಅಂದ ಮೇಲೆ ಒಳಗಿನ ಗಡ್ಡೆಯ ಮೇಲೆ ಏನಾಗಬೇಕು ಅನ್ನುವುದು ಅವರ ಲೆಕ್ಕ. ಮುಂದಿನ ಸೋಮವಾರ ಡಾಕ್ಟರನ್ನು ಹಿಡಿದು, ಮಾಲು ಅಸಲಿ ಹೌದೋ ಅಲ್ಲೋ ಅಂತ ಕೇಳಿಸಿದರು. ಕೇಳಿದ್ದು ನಾನು, ಬೈಸಿಕೊಂಡದ್ದೂ ನಾನು. ಕೀಮೋ ಅಂದರೆ ಒಂದೇ ಔಷಧಿ ಅಲ್ಲ, ಹತ್ತಾರು ಇವೆ, ನಿಮಗೆ ಕೊಡುವ ಇದರಿಂದ ಕೂದಲು ಪೂರಾ ಉದುರುವುದು ಕಡಿಮೆ, ಕೂದಲಿಗೂ ಗುಣಕ್ಕೂ ಸಂಬಂಧ ಇಲ್ಲ, ಇದನ್ನು ಮೊದಲೇ ಯಾಕೆ ಕೇಳಲಿಲ್ಲ ಕಾಕಾ ಅಂದರು.

ಮಾಮಾ ಕುರ್ಚಿಗೆ ಒರಗಿದರು. ಔಷಧಿ ಅಸಲಿ ಅಂತ ಗೊತ್ತಾದ ಸಮಾಧಾನ ಒಂದು ಕ್ಷಣ ಇತ್ತು. ಆಮೇಲೆ ತ್ರ್ಯಂಬಕೇಶ್ವರ ನೆನಪಾಯಿತು. ಕೈ ಮೆಲ್ಲಗೆ ತಲೆಗೆ ಹೋಯಿತು.

ಎದುರಿನ ಕುರ್ಚಿಯಲ್ಲಿ ಒಬ್ಬ ಶಾಲಾ ಟೀಚರ್ ಇರುತ್ತಿದ್ದರು. ಅವರಿಗೆ ಬೇರೆ ಕ್ಯಾನ್ಸರು, ಬೇರೆ ಕೀಮೋ. ತಲೆ ಬೋಳಾಗಿ ಸ್ಕಾರ್ಫ್ ಕಟ್ಟಿಕೊಂಡಿದ್ದರು. ಕಾಕಾ, ಅಷ್ಟು ಬ್ಯಾಡಾದರೆ ನನಗೆ ಕೊಡಿ ಅಂದರು. ಇಷ್ಟು ಸಾಕಾಯಿತು ನನಗೆ. ಎದ್ದು ನಿಂತು ಮಾಮಾನ ಹಳೆಯ ದನಿಯಲ್ಲಿ ಕೂದಲಿನ ಲಿಲಾವು ಹಚ್ಚಿದೆ. ಟೀಚರ್, ಕೂದಲಿಗೆ ಬದಲು ನಮ್ಮ ಅತ್ತೆಯನ್ನೇ ಕೊಡುತ್ತೇನೆ ಅಂತ ಬೋಲಿ ಹಿಡಿದರು. ಬಿಕ್ಕಳಿಕೆ ನಿಲ್ಲದ ಒಬ್ಬ ದ್ರಾಕ್ಷಿ ತೋಟದ ಅಜ್ಜ ತನ್ನ ಬಿಕ್ಕಳಿಕೆಗಳನ್ನೆಲ್ಲಾ ಹಿಡಿದ. ಟೀಚರ್ ಅತ್ತೆಯ ಜೊತೆಗೆ ನಾದಿನಿಯನ್ನೂ ಸೇರಿಸಿದರು. ಸಿಸ್ಟರ್ ಬಾಗಿಲಲ್ಲಿ ನಿಂತು ಬೈಯಲೋ ಬೇಡವೋ ಅಂತ ನೋಡುತ್ತಿದ್ದರು. ಆಗ ಮಾಮಾ, ಮಾತಾಡಬಾರದು ಅಂತ ಕಟ್ಟುನಿಟ್ಟು ಮಾಡಿದ್ದರೂ, ಸೂಜಿ ಇಲ್ಲದ ಕೈಯಿಂದ ನನ್ನ ಅಂಗಿ ಜಗ್ಗಿದರು.

"ಹಾಂಗಲ್ಲೋ ಮಂಗ್ಯಾ. ಮೊದ್ಲ ಮಾಲಿನ ದೋಷ ಹೇಳಬೇಕು, ಆಮ್ಯಾಲ ಬೋಲಿ. ಇದು ಬಣ್ಣ ಹಚ್ಚಿದ ಮಾಲು." ಉಸಿರು ಸಾಲದೆ ನಿಂತು, ಮತ್ತೆ ಅಂದರು: "ಅದೂ ಅಲ್ದ, ಮೊದ್ಲೇ ಬುಕ್ ಆಗ್ಯಾದ."

ಅವರ ಬಾಯಿಂದ ಹೊರಟ ದನಿ ಅಲ್ಲಿಗೆ ಕೊನೆ. ಆ ವಾರ ಗಂಟಲು ಒಳಗೆ ಹೊರಗೆ ಸುಟ್ಟಿತು, ಬಾಯಲ್ಲಿ ಹುಣ್ಣೆದ್ದವು, ನೀರು ನುಂಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಮೂಗಿನಿಂದ ನಳಿಕೆ ಹಾಕಿ ಅದರಲ್ಲೇ ಗಂಜಿ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಔಷಧಿಯಿಂದ ಹೀಗೂ ಆಗುತ್ತದೆ ಅಂತ ಕಿವಿ ತಪಾಸಣೆ ಮಾಡಿದರು. ಕಿವಿಯಲ್ಲಿ ಸಿಲ್ಲೋಡಿನ ಲಿಲಾವು ನಡೆದಿದೆಯೇನು ಮಾಮಾ ಅಂತ ಕೇಳಿದೆ. ಯಾವಾಗಲೂ ಒಂದು ಬೈಗುಳವಾದರೂ ಬರುತ್ತಿತ್ತು, ತುಟಿಯಲ್ಲಾದರೂ. ಅವರು ಗೋಡೆಯ ಕಡೆ ತಿರುಗಿದರು. ನಾನು ಆ ದಿನ ಯಾರ ನಕಲೂ ಮಾಡಲಿಲ್ಲ.

ಮುಂದಿನ ಸೋಮವಾರ ರಕ್ತದ ರಿಪೋರ್ಟ್ ನೋಡಿ ಡಾಕ್ಟರ್, ಕಿಡ್ನಿ ದಣಿದಿದೆ, ಈ ವಾರ ಕೀಮೋ ಬೇಡ ಅಂದರು. ನೀರಿನಂಶ ಭಾಳ ಅಂತ ಆರೋಪ ಹೊರಿಸಿದ್ದ ಮನುಷ್ಯ ಕುರ್ಚಿ ಬಿಟ್ಟು ಏಳಲಿಲ್ಲ. ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿ, ಚುಚ್ಚಿ ಅಂತ ಸನ್ನೆ ಮಾಡುತ್ತಾ ಕೂತರು. ಸಿಸ್ಟರ್ ಬಂದರೆ ಸಿಸ್ಟರಿಗೆ, ಕಸ ಗುಡಿಸಲು ಬಂದವಳಿಗೂ ತೋಳು. ಜೋಡಿದಾರ ಒಂದು ವಾರ ದಣಿವಾರಿಸಿಕೊಂಡರೆ ಕೆಲಸ ನಿಲ್ಲುವುದಿಲ್ಲ ಕಾಕಾ, ಕಿರಣ ನಡೆದೇ ಇರುತ್ತದೆ ಅಂತ ಡಾಕ್ಟರ್ ಪಕ್ಕದಲ್ಲಿ ಕೂತು ಹೇಳಿದ ಮೇಲೆ ಎದ್ದರು. ಲಿಫ್ಟಿನಲ್ಲಿ ನನ್ನ ಮೊಣಕೈ ಹಿಡಿದಿದ್ದರು. ಹಿಡಿತದಲ್ಲಿ ಜೀವ ಇರಲಿಲ್ಲ.

ಚಿಕಿತ್ಸೆ ಮುಗಿಯಿತು, ಕಾಯುವುದು ಉಳಿಯಿತು. ಹುಣ್ಣು ಮಾಯ್ದವು, ನಳಿಕೆ ಹೋಯಿತು, ಮಾಮಾ ಸಂಭಾಜಿನಗರಕ್ಕೆ ಮರಳಿದರು. ತಿಂಗಳುಗಳ ಮೇಲೆ ನಾಸಿಕದಲ್ಲಿ ಸ್ಕ್ಯಾನು, ಮತ್ತೆ ಕೊಳವೆ. ಪರದೆಯ ಮೇಲೆ ತಮ್ಮ ಧ್ವನಿಪೆಟ್ಟಿಗೆಯನ್ನು ಮಾಮಾ ರೈತ ರಾಶಿ ನೋಡುವ ಹಾಗೆ ನೋಡಿದರು. ಗಡ್ಡೆ ಇರಲಿಲ್ಲ. ಸ್ವರದ ಎರಡೂ ತಂತುಗಳು ಅಲುಗಾಡುತ್ತಿದ್ದವು. ಕೊಯ್ಯುವುದು ಬೇಡ, ತಪಾಸಣೆಗೆ ತಪ್ಪದೆ ಬರಬೇಕು, ಬೀಡಿ ಸೇದಿದರೆ ನಾನೇ ಕೊಯ್ಯುತ್ತೇನೆ ಅಂದರು ಡಾಕ್ಟರ್. ಹೊರಗೆ ಬಂದು ಅತ್ತಿ ಅತ್ತಳು, ಅವ್ವ ಅತ್ತಳು. ನಾನು ಇಬ್ಬರ ಅಳುವನ್ನೂ ಮಾಡಿ ತೋರಿಸಿ ಹೊಡೆತ ತಿಂದೆ.

ದನಿ ಬಂದಿತ್ತು. ಆದರೆ ಎಣ್ಣೆ ಕಾಣದ ಬಂಡಿಗಾಲಿಯ ಕಿರುಗು, ಮೇಲೊಂದು ಸಿಳ್ಳು. ಹರಕೆಯ ಕರಾರು ಲಿಲಾವಿಗೆ ನಡೆಯುವ ದನಿ ಅಂತ ಇದ್ದದ್ದರಿಂದ, ಮೊದಲು ಸಿಲ್ಲೋಡಿನಲ್ಲಿ ಪರೀಕ್ಷೆ ಆಗಬೇಕು ಅಂದರು ಮಾಮಾ. ಕೂಗಬಾರದು, ಮಾತಾಡಬಹುದು ಅಂತ ಡಾಕ್ಟರ್ ಹೇಳಿದ್ದರು. ಸಾಲದಿದ್ದರೆ ನಾನು ಕೂಗಿಬಿಡುತ್ತೇನೆ ಅಂತ ಪಕ್ಕದಲ್ಲೇ ನಿಂತೆ. ಮೊದಲ ರಾಶಿಯ ಮುಂದೆ ಮಾಮಾ ಬಾಯಿ ತೆಗೆದರು. ಖರೀದಿದಾರರು ಏನು ಏನು ಅಂದರು. ನಾನು ಗಂಟಲು ಸರಿಮಾಡಿಕೊಂಡೆ. ಮಾಮಾ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದರು. ಈ ಸಲ ತಿವಿತದಲ್ಲಿ ಜೀವ ಇತ್ತು. ಮತ್ತೆ ಹೇಳಿದರು. ಕೇಳಿಸದವರು ಒಂದು ಹೆಜ್ಜೆ ಮುಂದೆ ಬಂದರು, ಅವರ ಹಿಂದಿನವರೂ ಬಂದರು. ರಾಶಿಯ ಸುತ್ತ ಎಲ್ಲರೂ ಗುಟ್ಟು ಕೇಳುವವರ ಹಾಗೆ ತಲೆ ತಲೆ ಕೂಡಿಸಿ ನಿಂತರು. ಮಾಲು ಹೋಯಿತು. ಎರಡನೆಯದೂ ಹೋಯಿತು. ಮಧ್ಯಾಹ್ನ ಚಹಾದ ಹೊತ್ತಿಗೆ ಒಬ್ಬ ಹಮಾಲ ಚೀಲದ ಮೇಲೆ ನಿಂತು ಮಾಮಾನ ಹೊಸ ದನಿ ತೆಗೆದ, ಸಿಳ್ಳಿನ ಸಮೇತ. ನನಗಿಂತ ಚಲೋ ಇತ್ತು. ಇಡೀ ಯಾರ್ಡು ನಕ್ಕಿತು. ಮಾಮಾ ಚಹಾ ಕೆಳಗಿಟ್ಟರು.

"ದನಿ ನಡೀತು. ನಡಿ, ತ್ರ್ಯಂಬಕಕ್ಕ."

ಮರುದಿನ ನಾಸಿಕದಿಂದ ಹೊರಟ ಜೀಪಿನಲ್ಲಿ ಮತ್ತೆ ವ್ಯಾಪಾರ ಶುರು. ದನಿ ಕೊಟ್ಟಿದ್ದು ಹೌದು, ಆದರೆ ಪೂರಾ ಕೊಟ್ಟಿಲ್ಲ. ಆದಕಾರಣ ಕೂದಲೂ ಅರ್ಧ. ಮುಂದಿನ ಅರ್ಧ ಕೊಡುವುದೋ ಹಿಂದಿನ ಅರ್ಧ ಕೊಡುವುದೋ ಅನ್ನುವ ಚರ್ಚೆ ಊರು ಮುಟ್ಟುವ ತನಕ ನಡೆಯಿತು. ಹಿಂದಿನದು ಕೊಡಿ, ನಿಮಗೆ ಕಾಣುವುದಿಲ್ಲ ಅಂತ ನಾನು ಸಲಹೆ ಕೊಟ್ಟೆ. ಕ್ಷೌರಿಕ ನೀರು ಚಿಮುಕಿಸಿ, ಎಷ್ಟು ತೆಗೆಯಲಿ ಅಂತ ಕೇಳಿದ. ಮಾಮಾ, ಪೂರಾ ಅಂದರು. ನಾನು ಅವರ ಮುಖ ನೋಡಿದೆ.

"ಬಣ್ಣ ಹಚ್ಚಿದ ಮಾಲು, ಅದೂ ಹೋಗೂ ಮಾಲು ಅಂತ ತಿಳಿದು ಕೊಟ್ಟಿದ್ದೆ. ದೋಷ ಹೇಳಿರ್ಲಿಲ್ಲ. ಮತ್ತ ಅವನ ಮಾಲಿನ ದೋಷ ನಾ ಹ್ಯಾಂಗ ತೆಗೀಲಿ?"

ಅರ್ಧ ಕರಿ, ಅರ್ಧ ಬಿಳಿ ಕೂದಲು ಹೆಗಲ ಮೇಲಿಂದ ಜಾರಿ ಬಿದ್ದವು. ಬೋಳಾದ ತಲೆ ಸವರಿಕೊಂಡು ಮಾಮಾ ಎದ್ದರು, ನನ್ನ ಭುಜ ಹಿಡಿದು ಅದೇ ಮಣೆಯ ಮೇಲೆ ಕೂರಿಸಿದರು.

"ಈಗ ಇವಂದು."

ನನ್ನದು ಯಾಕೆ ಅಂದೆ. ಇಷ್ಟು ದೊಡ್ಡ ವ್ಯವಹಾರಕ್ಕೆ ಜಾಮೀನು ಬೇಡವಾ ಅಂದರು. ಆ ದಿನ ಗುಡಿಯಲ್ಲಿ ನನ್ನ ತಲೆ ಮೇಲೆ ಕೈಯಿಟ್ಟದ್ದು ಅದಕ್ಕೆ. ಶೇಂದ್ರಾದ ಇಡೀ ಶಿಫ್ಟಿಗೆ ಫ್ಯಾಷನ್ ಕಲಿಸಿದ ನನ್ನ ಕೂದಲು, ಪಕ್ಕಕ್ಕೆ ಏರಿಸಿ ಮುಂದಕ್ಕೆ ಬಿಟ್ಟದ್ದು, ಅಲ್ಲೇ ನೆಲದ ಮೇಲೆ ಮಾಮಾನ ಕೂದಲಿನ ಜೊತೆ ಬೆರೆತುಹೋಯಿತು.

ತಿರುಗಿ ಬರುವ ಜೀಪು ತುಂಬಿತ್ತು. ಎರಡು ಬೋಳು ತಲೆಗಳನ್ನು ಕಂಡು ಒಬ್ಬ ಮುದುಕಿ, ಕಣ್ಣಲ್ಲಿ ಮರುಕ ತುಂಬಿಕೊಂಡು ಎದ್ದು ಜಾಗ ಕೊಟ್ಟಳು. ನನಗೆ. ನಾನು ಮೊದಲೇ ಸಣಕಲ, ಬೋಳಿಸಿದ ಮೇಲೆ ಕೇಳುವುದೇ ಬೇಡ. ಹುಡುಗನಿಗೆ ಕೀಮೋ ನಡೆದಿದೆಯಾ ಅಂತ ಮಾಮಾನನ್ನು ಮೆಲ್ಲಗೆ ಕೇಳಿದಳು. ಮಾಮಾ ನನ್ನ ಕಡೆ ಒಮ್ಮೆ ನೋಡಿ, ಹೌದು ಅನ್ನುವಂತೆ ದೊಡ್ಡ ಉಸಿರು ಬಿಟ್ಟು ಶುರು ಹಚ್ಚಿದರು. ಯಾರ್ಡಿನ ಮರಾಠಿಯಲ್ಲಿ, ಆ ಕಿರುಗು ದನಿಯಲ್ಲಿ, ಕೀಮೋ ಅಂದರೆ ಒಂದೇ ಔಷಧಿ ಅಲ್ಲ ಅನ್ನುವುದರಿಂದ ಹಿಡಿದು, ನೀರು ಯಾಕೆ ಏರಿಸುತ್ತಾರೆ, ಪ್ಲಾಟಿನಮ್ ಎಲ್ಲಿಗೆ ಹೋಗುತ್ತದೆ, ಕಿರಣಕ್ಕೂ ಕೀಮೋಕ್ಕೂ ಏನು ಭಾಗೀದಾರಿಕೆ, ಎಲ್ಲಾ. ಸಿಳ್ಳು ಬಂದಲ್ಲಿ ನಿಂತು, ಉಗುಳು ನುಂಗಿ, ಮತ್ತೆ ಹೊರಟರು. ಹಿಂದಿನ ಸೀಟಿನವರು ಕೇಳಿಸದೆ ಮುಂದಕ್ಕೆ ಬಾಗಿದರು. ಡ್ರೈವರ್ ಹಾಡು ಬಂದ್ ಮಾಡಿದ.

ನಾಸಿಕ ಹತ್ತಿರ ಬಂದಾಗ ನಾನು ಡಾಕ್ಟರ್ ದನಿ ತೆಗೆದು, ಕಾಕಾ, ಜಾಸ್ತಿ ಮಾತಾಡಬಾರದು ಅಂದೆ.

"ಸುಮ್ನ ಕೂಡು," ಅಂದರು ಮಾಮಾ. "ಪೇಷಂಟು ಮಾತಾಡಬಾರದು."